ಕಿನ್ನಿಮುಲ್ಕಿಯಲ್ಲಿ ಎಚ್ಚರವಾಗುವ ಎಂಜಿನ್

ಕಾಪುವಿನ ನಮ್ಮ ಮನೆಯಿಂದ ಮಣಿಪಾಲಕ್ಕೆ ಸುಮಾರು 18 ಕಿಲೋಮೀಟರ್. ಕಾರು ಹೊಸದಿದ್ದಾಗ ರಾತ್ರಿ ಚಾರ್ಜಿಗೆ ಹಾಕಿದರೆ ಸಾಕು, ಮರುದಿನ ಹೋಗಿ ಬರುವಷ್ಟೂ ದಾರಿ ಕರೆಂಟಿನಲ್ಲೇ ಮುಗಿಯುತ್ತಿತ್ತು. ಐದಾರು ವರ್ಷವಾದ ಮೇಲೆ ವಾಪಸ್ ಬರುವಾಗ, ಮನೆ ಇನ್ನೇನು ಹತ್ತಿರವಾಯಿತು ಅನ್ನುವಾಗ, ಕಟಪಾಡಿ ಹತ್ತಿರ ಪೆಟ್ರೋಲ್ ಎಂಜಿನ್ ಶುರುವಾಗತೊಡಗಿತು. ಹೋದ ವರ್ಷ ಉಡುಪಿಯ ಕಿನ್ನಿಮುಲ್ಕಿ ದಾಟುವ ಮೊದಲೇ ಅದರ ಸದ್ದು ಕೇಳಿತು. ಬ್ಯಾಟರಿಗೆ ಎಷ್ಟು ವಯಸ್ಸಾಯಿತು ಅಂತ ನನಗೆ ಹೇಳುತ್ತಿದ್ದದ್ದು ಹೆದ್ದಾರಿಯ ಈ ಊರುಗಳೇ.

ಪ್ಲಗ್-ಇನ್ ಹೈಬ್ರಿಡ್ ಕಾರು ನಮ್ಮ ಕಡೆ ಅಪರೂಪ. ಗೋಡೆಯ ಸಾಕೆಟ್ಟಿನಿಂದ ಚಾರ್ಜ್ ಆಗುವ ಬ್ಯಾಟರಿಯೂ ಇದೆ, ಪೆಟ್ರೋಲ್ ಎಂಜಿನ್ನೂ ಇದೆ. ಬ್ಯಾಟರಿ ಚಿಕ್ಕದು. ನನ್ನದರಲ್ಲಿ ಸುಮಾರು 9 ಯೂನಿಟ್ ಕರೆಂಟ್ ಹಿಡಿಯುತ್ತದೆ. 40 ಯೂನಿಟ್ ಹಿಡಿಯುವ ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಮಣಿಪಾಲದ ದಾರಿ ಒಂದು ತುತ್ತು. ಇದಕ್ಕೆ ಅದೇ ದಾರಿ ಪೂರ್ತಿ ಊಟ. ದಿನಾ ತುಂಬುವುದು, ದಿನಾ ಬರಿದಾಗುವುದು. ಸವೆತ ಜಾಸ್ತಿ ಆಗುವುದು ಸಹಜ, ಅಲ್ವಾ?

ಆದರೆ ಓಡಿಸಿದ್ದರಿಂದ ಮಾತ್ರ ಬ್ಯಾಟರಿ ಹಳತಾಗುವುದಿಲ್ಲ. ಸುಮ್ನೆ ನಿಂತಾಗಲೂ ಹಳತಾಗುತ್ತದೆ. ಈ ಬ್ಯಾಟರಿ ಅಂದರೆ ಲಿಥಿಯಂ-ಅಯಾನ್ ಸೆಲ್ಲುಗಳ ಸಾಲು. ಪ್ರತಿ ಸೆಲ್ಲಿನಲ್ಲೂ ಒಂದು ಕಡೆ ಗ್ರಾಫೈಟ್ ಇರುತ್ತದೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು, ಅಂದರೆ ಚಾರ್ಜ್ ಹೊತ್ತ ಕಣಗಳು, ಬಂದು ಅದರ ಪದರಗಳ ನಡುವೆ ಕೂರುತ್ತವೆ. ಮೊದಲ ಸಲ ಚಾರ್ಜ್ ಆಗುವಾಗಲೇ ಗ್ರಾಫೈಟಿನ ಮೈಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ. ಈ ಪೊರೆ ಬೇಕೇ ಬೇಕು. ಅದಿಲ್ಲದಿದ್ದರೆ ಒಳಗಿನ ದ್ರಾವಣವೇ ಹಾಳಾಗುತ್ತಾ ಹೋಗುತ್ತದೆ. ತೊಂದರೆ ಏನೆಂದರೆ ಪೊರೆ ಅಷ್ಟಕ್ಕೇ ನಿಲ್ಲುವುದಿಲ್ಲ. ವರ್ಷ ವರ್ಷ ದಪ್ಪವಾಗುತ್ತದೆ, ದಪ್ಪವಾಗಲು ಲಿಥಿಯಂ ತಿನ್ನುತ್ತದೆ. ತಿಂದ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಈ ಪೊರೆಯನ್ನು ಬೇಗ ಬೆಳೆಸುವವು ಎರಡು: ಬಿಸಿ ಮತ್ತು ತುಂಬಿದ ಚಾರ್ಜ್. ಚಳಿ ದೇಶದವರಿಗೆ ಇನ್ನೊಂದು ಭಯ ಇದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಗ್ರಾಫೈಟಿನ ಮೇಲೆಯೇ ಅಂಟಿಕೊಳ್ಳುತ್ತದೆ. ನಮಗೆ ಆ ಚಿಂತೆ ಇಲ್ಲ. ನಮ್ಮ ಶತ್ರು ಏಪ್ರಿಲ್ ತಿಂಗಳ ಮಧ್ಯಾಹ್ನ. ನಾನು ವರ್ಷಗಟ್ಟಲೆ ಮಾಡಿದ ತಪ್ಪೂ ಅದೇ. ಶನಿವಾರ ನೂರಕ್ಕೆ ನೂರು ಚಾರ್ಜ್ ಮಾಡಿ, ಭಾನುವಾರ ಇಡೀ ದಿನ ಅಂಗಳದ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದೆ. ಈಗ ಬೆಳಿಗ್ಗೆ ಹೊರಡುವ ಹೊತ್ತಿಗೆ ಚಾರ್ಜ್ ಮುಗಿಯುವ ಹಾಗೆ ಟೈಮರ್ ಇಡುತ್ತೇನೆ. ರಜೆಗೆ ಹೋಗುವಾಗ ಅರ್ಧಕ್ಕೆ ಬಿಡುತ್ತೇನೆ.

ಮಣಿಪಾಲದ ಗುಡ್ಡದ ಮೇಲೆ ಮನೆ ಇರುವವರಿಗೆ ಒಂದು ಮಾತು. ಇಳಿಜಾರಿನಲ್ಲಿ ಮೋಟಾರು ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆ. ಮೇಲೆಯೇ ಪೂರ್ತಿ ತುಂಬಿಸಿಕೊಂಡು ಹೊರಟರೆ ಆ ಕರೆಂಟಿಗೆ ಜಾಗವೇ ಇರುವುದಿಲ್ಲ. ಸ್ವಲ್ಪ ಖಾಲಿ ಬಿಟ್ಟು ಇಳಿಯಿರಿ.

ಇನ್ನು ರಿಪೇರಿ ವಿಷಯ. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ, "ಎರಡು ಸೆಲ್ ವೀಕ್ ಉಂಟು, ಇಡೀ ಪ್ಯಾಕ್ ಬದಲಿಸಬೇಕು ಮಾರಾಯ್ರೆ" ಅಂದರು. ಪೊರೆ ಎಲ್ಲ ಸೆಲ್ಲುಗಳಲ್ಲೂ ಬೆಳೆಯುತ್ತದೆ. ಹಾಗಿದ್ದ ಮೇಲೆ ಎರಡೇ ಸೆಲ್ ಯಾಕೆ ಸೋಲಬೇಕು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೈವೋಲ್ಟೇಜ್ ಕೆಲಸ ಕಲಿತ ಗೆಳೆಯನೊಬ್ಬ, "ಮೊದಲು ಬಿಚ್ಚಿ ನೋಡುವ" ಅಂದ.

ನನ್ನ ಕಾರಿನಲ್ಲಿ 96 ಸೆಲ್ಲುಗಳು ಒಂದರ ಹಿಂದೆ ಒಂದು ಸಾಲಾಗಿವೆ. ಒಂದೊಂದು 3.7 ವೋಲ್ಟ್, ಒಟ್ಟು ಸುಮಾರು 355. ಇವನ್ನು ಜೋಡಿಸುವುದು ತಾಮ್ರದ ಪಟ್ಟಿಗಳು. ಮುಚ್ಚಳ ತೆಗೆದಾಗ ಎರಡು ಪಟ್ಟಿಗಳ ಬುಡದಲ್ಲಿ ಹಸಿರು ಕಿಲುಬು ಕಂಡಿತು. ಹಳೇ ಹಂಡೆಯ ಅಂಚಿನಲ್ಲಿ ಕಾಣುತ್ತದಲ್ಲ, ಅದೇ. ನಮ್ಮ ಮನೆಯಿಂದ ಕಡಲು ದೂರವಿಲ್ಲ. ಬ್ಯಾಟರಿ ತಣ್ಣಗಿಡಲು ಫ್ಯಾನು ಹಿಂದಿನ ಸೀಟಿನ ಕೆಳಗಿನ ಜಾಲರಿಯಿಂದ ಗಾಳಿ ಎಳೆಯುತ್ತದೆ. ಆ ಗಾಳಿಯ ಜೊತೆ ಉಪ್ಪೂ, ಮಳೆಗಾಲದ ತೇವವೂ ವರ್ಷಗಟ್ಟಲೆ ಒಳಗೆ ಹೋಗಿದೆ.

ಕಿಲುಬು ಏನು ಮಾಡುತ್ತದೆ? ಲೆಕ್ಕ ಹಾಕಿ ನೋಡಿ. ಆ ಜೋಡಣೆಯಲ್ಲಿ ಒಂದು ಓಮಿನ ಸಾವಿರದಲ್ಲಿ ಒಂದು ಪಾಲು ತಡೆ ಹೆಚ್ಚಾಯಿತು ಅಂತಿಟ್ಟುಕೊಳ್ಳಿ. ಗುಡ್ಡ ಹತ್ತುವಾಗ 100 ಆಂಪಿಯರ್ ಹರಿದರೆ ಅಲ್ಲಿ 0.1 ವೋಲ್ಟ್ ಕಳೆದುಹೋಗುತ್ತದೆ, 10 ವ್ಯಾಟ್ ಬಿಸಿ ಹುಟ್ಟುತ್ತದೆ. ಸೆಲ್ಲಿನ ವೋಲ್ಟೇಜ್ ಅಳೆಯುವ ತಂತಿ ಆ ಜೋಡಣೆಯನ್ನೂ ಸೇರಿಸಿ ಅಳೆದರೆ, ಸೆಲ್ಲೇ ಸೋತಿದೆ ಅಂತ ಕಾರಿನ ಕಂಪ್ಯೂಟರ್ ತಿಳಿಯುತ್ತದೆ. ಸಾಲಿನಲ್ಲಿ ಎಲ್ಲಕ್ಕಿಂತ ಕಡಿಮೆ ತೋರಿಸುವ ಸೆಲ್ ನೋಡಿಯೇ ಅದು ಬ್ಯಾಟರಿಗೆ ವಿರಾಮ ಕೊಟ್ಟು ಎಂಜಿನ್ ಎಬ್ಬಿಸುವುದು. ಉಳಿದ 94ರಲ್ಲಿ ಇನ್ನೂ ಚಾರ್ಜ್ ಇದ್ದರೂ ಅಷ್ಟೇ.

ಗೆಳೆಯ ಪಟ್ಟಿಗಳನ್ನು ತಿಕ್ಕಿ, ಹಾಳಾದ ಎರಡು ಪಟ್ಟಿಗಳನ್ನು ಬದಲಿಸಿ, ನಟ್ಟುಗಳನ್ನು ಕಂಪನಿ ಹೇಳಿದ ಅಳತೆಗೇ ಬಿಗಿದ. ಜಾಲರಿಯಲ್ಲಿ ಬೆರಳಿನಷ್ಟು ದಪ್ಪ ಧೂಳು ಕೂತಿತ್ತು, ಅದನ್ನೂ ತೆಗೆದೆವು. ಇದನ್ನು ಓದಿ ನೀವೇ ಮುಚ್ಚಳಕ್ಕೆ ಕೈಹಾಕಬೇಡಿ. ದಯವಿಟ್ಟು. 60 ವೋಲ್ಟ್ ದಾಟಿದ ಡಿಸಿ ಕರೆಂಟೇ ಅಪಾಯ, ಇಲ್ಲಿರುವುದು 355. ಬ್ಯಾಟರಿಯ ಸಂಪರ್ಕ ತಪ್ಪಿಸುವ ಸರ್ವೀಸ್ ಪ್ಲಗ್ ಕಿತ್ತ ಮೇಲೂ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ಲುಗಳ ಆಚೆ, ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಬ್ಯಾಟರಿಯೊಳಗಂತೂ ಕರೆಂಟ್ ಯಾವಾಗಲೂ ಇದ್ದೇ ಇರುತ್ತದೆ.

ದೊಡ್ಡ ಬ್ಯಾಟರಿ ಹಾಕಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಆಸೆ ನನಗೂ ಇತ್ತು. ಇಂದಿನ ಸೆಲ್ಲುಗಳು ಅದೇ ಜಾಗದಲ್ಲಿ ಜಾಸ್ತಿ ಕರೆಂಟ್ ಹಿಡಿಯುತ್ತವೆ, ನಿಜ. ಬಾಳಿಕೆಗೆ ಹೆಸರಾದ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲನ್ನೇ ತೆಗೆದುಕೊಳ್ಳಿ. ಅದರದ್ದು 3.2 ವೋಲ್ಟ್. 355 ಮುಟ್ಟಲು 96 ಸಾಲದು, 111 ಬೇಕು. ಅದಕ್ಕಿಂತ ದೊಡ್ಡ ತೊಡಕು, ಅದರ ವೋಲ್ಟೇಜ್ ಮುಕ್ಕಾಲು ಖಾಲಿಯಾದರೂ ಹೆಚ್ಚು ಕಮ್ಮಿ ಒಂದೇ ಮಟ್ಟದಲ್ಲಿರುತ್ತದೆ. ಹಳೇ ಸೆಲ್ಲಿಗೆ ಬರೆದ ಸಾಫ್ಟ್‌ವೇರ್‌ಗೆ ವೋಲ್ಟೇಜ್ ನೋಡಿ ಎಷ್ಟು ಚಾರ್ಜ್ ಉಳಿದಿದೆ ಅಂತ ಗೊತ್ತಾಗುವುದೇ ಇಲ್ಲ. ಹಳೇ ಸೆಲ್ಲುಗಳ ನಡುವೆ ನಾಲ್ಕು ಹೊಸದು ಸೇರಿಸುವುದೂ ಬೇಡ. ಎಳೆ ಕೋಣ, ಮುದಿ ಕೋಣ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ ಹಾಗಾಗುತ್ತದೆ. ಬದಲಿಸಲೇಬೇಕಾದರೆ ಅದೇ ಮಾದರಿಯ ಪ್ಯಾಕ್ ಹಾಕಿಸುವುದು ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಆದರೆ ಎಷ್ಟು ಓಡಿದೆ ಅನ್ನುವುದಕ್ಕಿಂತ ಮೊದಲು ತಯಾರಾದ ವರ್ಷ ನೋಡಿ. ಪೊರೆ ಗೋದಾಮಿನಲ್ಲೂ ಬೆಳೆಯುತ್ತದೆ. ತೆಗೆದ ಹಳೇ ಪ್ಯಾಕನ್ನು ಗುಜರಿಗೆ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅದರ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ.

ಬೇಸಿಗೆಯಲ್ಲಿ ಚಾರ್ಜರಿನ ಕೆಂಪು ದೀಪ ಹತ್ತಿದರೆ ಬ್ಯಾಟರಿಯನ್ನು ದೂರುವ ಮೊದಲು ಅರ್ತಿಂಗ್ ಪರೀಕ್ಷೆ ಮಾಡಿಸಿ. ಮುರಕಲ್ಲಿನ ನೆಲ ಒಣಗಿದರೆ ಅರ್ತಿಂಗ್ ಕೆಡುತ್ತದೆ. ಅರ್ತಿಂಗ್ ಗುಂಡಿಗೆ ಎರಡು ಕೊಡ ನೀರು ಹೊಯ್ದ ಮೇಲೆ ನಮ್ಮ ಮನೆಯದು ಸರಿಯಾಯಿತು.

ಪೊರೆ ತಿಂದ ಲಿಥಿಯಂ ವಾಪಸ್ ಬರಲಿಲ್ಲ. ಕಿಲುಬು ಕದ್ದದ್ದು ಬಂತು. ಈಗ ಎಂಜಿನ್ ಎಚ್ಚರವಾಗುವುದು ಕಿನ್ನಿಮುಲ್ಕಿಗೂ ಕಟಪಾಡಿಗೂ ನಡುವೆ, ಉದ್ಯಾವರದ ಸೇತುವೆ ದಾಟಿದ ಮೇಲೆ.