ರೇಡಾರ್ ಚಿತ್ರದಲ್ಲಿ ಬೆಳ್ಳಗೆ ಕಂಡದ್ದೆಲ್ಲ ಮಂಜುಗಡ್ಡೆಯೇ?

ಪ್ರಶ್ನೆ: ಉಪಗ್ರಹದ ರೇಡಾರ್ ಚಿತ್ರದಲ್ಲಿ ಬೆಳ್ಳಗಿದ್ದರೆ ಮಂಜುಗಡ್ಡೆ, ಕಪ್ಪಗಿದ್ದರೆ ಸಮುದ್ರ. ಇಷ್ಟೇ ಅಲ್ವಾ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಆಷಾಢದ ಮೋಡ ಕವಿದಾಗ ಆಗುಂಬೆಯನ್ನು ಮೇಲಿನಿಂದ ನೋಡಲು ಕ್ಯಾಮೆರಾ ಸಾಲದು, ರೇಡಾರೇ ಬೇಕು. ಧ್ರುವದ ತಿಂಗಳುಗಟ್ಟಲೆ ಕತ್ತಲೆಗೂ ಅದೇ ಗತಿ. ಆದರೆ ರೇಡಾರ್ ಚಿತ್ರ ಫೋಟೊ ಅಲ್ಲ. ಉಪಗ್ರಹ ಓರೆಯಾಗಿ ರೇಡಿಯೊ ಅಲೆ ಬಿಡುತ್ತದೆ. ಎಷ್ಟು ವಾಪಸ್ ಬಂತು ಅನ್ನುವುದಷ್ಟೇ ಲೆಕ್ಕ. ನುಣುಪಾದ ಗಾರೆ ನೆಲಕ್ಕೆ ಓರೆಯಾಗಿ ಟಾರ್ಚ್ ಬಿಟ್ಟರೆ ಬೆಳಕು ಮುಂದಕ್ಕೆ ಜಾರಿಹೋಗುತ್ತದಲ್ಲ, ಹಾಗೆ ನುಣುಪಾದದ್ದೆಲ್ಲ ಕಪ್ಪು. ಒರಟಾದದ್ದು ಬೆಳ್ಳಗೆ.

ಲಿಂಗನಮಕ್ಕಿ ಹಿನ್ನೀರಿನ ಚಿತ್ರ ನೋಡಿ. ಗಾಳಿಯಿಲ್ಲದ ದಿನ ನೀರು ಕಡುಕಪ್ಪು, ಸುತ್ತಲಿನ ಕಾಡು ಬೆಳ್ಳಗೆ. ಗಾಳಿ ಬೀಸಿದ ದಿನ ಅದೇ ನೀರು ಬೂದಿ ಬಣ್ಣಕ್ಕೆ ತಿರುಗುತ್ತದೆ. ಸೆಂಟಿನೆಲ್-1 ಉಪಗ್ರಹ ಬಿಡುವ ಅಲೆಯ ಉದ್ದ ಸುಮಾರು 5.6 ಸೆಂ.ಮೀ. ಗಾಳಿಗೆ ಏಳುವ ಸಣ್ಣ ಸಣ್ಣ ತೆರೆಗಳೇ ಅದನ್ನು ವಾಪಸ್ ಕಳಿಸಲು ಸಾಕು. ಬೆಳ್ಳಗಾಯಿತು ಅಂತ ನಮ್ಮ ಸಾಗರ ಊರಿನ ಪಕ್ಕ ಮಂಜುಗಡ್ಡೆ ಕಟ್ಟಿತು ಅನ್ನುತ್ತೀರಾ?

ಆರ್ಕ್‌ಟಿಕ್‌ನಲ್ಲೂ ಗಾಳಿ ಹೊಡೆದ ಸಮುದ್ರ ಬೆಳ್ಳಗೆ ಕಾಣುತ್ತದೆ. ಆಗತಾನೇ ಕಟ್ಟಿದ ನುಣುಪಾದ ತೆಳು ಮಂಜುಗಡ್ಡೆ ಕಪ್ಪಗೆ ಕಾಣುತ್ತದೆ. ಪೂರ್ತಿ ತಿರುಗಾಮುರುಗಾ! ಒಂದೇ ವರ್ಷದ ಮಂಜುಗಡ್ಡೆಯಲ್ಲಿ ಉಪ್ಪು ಜಾಸ್ತಿ, ಅಲೆ ಒಳಗೆ ಹೆಚ್ಚು ಇಳಿಯುವುದಿಲ್ಲ, ಹಾಗಾಗಿ ಸಮತಟ್ಟಾಗಿದ್ದರೆ ಮಬ್ಬು. ಬೇಸಿಗೆ ದಾಟಿ ಉಳಿದ ಹಳೆಯದರಲ್ಲಿ ಉಪ್ಪುನೀರು ಇಳಿದುಹೋಗಿ ಗಾಳಿಗುಳ್ಳೆಗಳು ಉಳಿದಿರುತ್ತವೆ. ಅಲೆ ಒಳಹೊಕ್ಕು ಆ ಗುಳ್ಳೆಗಳಿಗೆ ಬಡಿದು ಚದುರುತ್ತದೆ, ಅದಕ್ಕೇ ಬೆಳ್ಳಗೆ. ಬೇಸಿಗೆಯಲ್ಲಿ ಮೇಲಿನ ಹಿಮ ಒದ್ದೆಯಾದರೆ ಈ ವ್ಯತ್ಯಾಸವೂ ಮಸುಕಾಗುತ್ತದೆ.

ಅದಕ್ಕೇ ಒಂದೇ ಚಿತ್ರ ನೋಡಿ ತೀರ್ಮಾನಿಸಬಾರದು. ಅಡ್ಡಲಾಗಿ ಕಂಪಿಸುವ ಅಲೆ ಬಿಟ್ಟು, ವಾಪಸ್ ಬರುವಾಗ ಲಂಬವಾಗಿ ಕಂಪಿಸುವ ಭಾಗವನ್ನೂ ಅಳೆಯುತ್ತಾರೆ. ಅದರಲ್ಲಿ ಗಾಳಿಗೆ ಎದ್ದ ಸಮುದ್ರ ಬಹಳ ಮಂಕು, ಮಂಜುಗಡ್ಡೆ ಎದ್ದು ಕಾಣುತ್ತದೆ. ಜೊತೆಗೆ ಹಿಂದಿನ ದಿನಗಳ ಚಿತ್ರ, ಅವತ್ತಿನ ಗಾಳಿ, ಎಲ್ಲ ನೋಡುತ್ತಾರೆ. ಇದು ಕಲಿತೇ ಬರಬೇಕಾದ ಕೆಲಸ.

ಇನ್ನು ಮಂಜುಗಡ್ಡೆ ಎಷ್ಟು ದಪ್ಪ? ಇದನ್ನು ಯಾರೂ ಕೇಳುವುದೇ ಇಲ್ಲ, ನನಗಂತೂ ಇದೇ ದೊಡ್ಡ ಪ್ರಶ್ನೆ. ಈ ಚಿತ್ರಗಳಿಂದ ಅದು ನೇರವಾಗಿ ಸಿಗುವುದಿಲ್ಲ. 2010ರಲ್ಲಿ ಹಾರಿಸಿದ ಕ್ರಯೋಸ್ಯಾಟ್-2 ನೇರ ಕೆಳಗೆ ಅಲೆ ಬಿಟ್ಟು, ನೀರಿನಿಂದ ಮಂಜುಗಡ್ಡೆ ಎಷ್ಟು ಮೇಲೆ ತೇಲುತ್ತಿದೆ ಅಂತ ಅಳೆಯುತ್ತದೆ. ಮೇಲೆ ಕಾಣುವುದು ಹತ್ತರಲ್ಲಿ ಒಂದು ಪಾಲಿನಷ್ಟು, ಉಳಿದದ್ದು ನೀರಿನೊಳಗೆ. ಹಾಗಾಗಿ ಮೇಲಿನ ಅಳತೆ 2 ಸೆಂ.ಮೀ. ತಪ್ಪಿದರೆ ದಪ್ಪದ ಲೆಕ್ಕ ಸುಮಾರು 20 ಸೆಂ.ಮೀ. ತಪ್ಪುತ್ತದೆ.