‘ಬದಲಾವಣೆ ಏನೂ ಇಲ್ಲ’ ಅಂತ ಮುಂದೆ ಹೋಗುವ ಮೊದಲು

ಏಪ್ರಿಲ್ ಬಂತು ಅಂದ್ರೆ ನನ್ನ ಫೋನಿಗೆ ಬಿಡುವಿಲ್ಲ. ‘ಸಾರ್, ಹೋದ ವರ್ಷ ಮನೆ ಕಂದಾಯ ಎಷ್ಟು ಕಟ್ಟಿದ್ವಿ?’ ಬಹುತೇಕ ಎಲ್ಲರದೂ ಇದೇ ಪ್ರಶ್ನೆ. ತೆರಿಗೆ ಸಲಹೆಯ ಕೆಲಸಕ್ಕೆ ಕೂತು ಇಷ್ಟು ವರ್ಷವಾಯಿತು, ‘ನಮ್ಮ ಮನೆಗೆ ಇಷ್ಟು ಯಾಕೆ ಬರುತ್ತೆ?’ ಅಂತ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ಬೆಂಗಳೂರಿನ ವಿಷಯವನ್ನೇ ಹೇಳುತ್ತೇನೆ, ನನ್ನ ಕೆಲಸ ಹೆಚ್ಚು ನಡೆಯುವುದು ಇಲ್ಲಿಯೇ. ಕರೆಂಟ್ ಬಿಲ್ ಬಂದ ಹಾಗೆ ಕಂದಾಯದ ಬಿಲ್ ಮನೆಗೆ ಬರುವುದಿಲ್ಲ. ಮೊದಲೆಲ್ಲ ಕಂದಾಯದವರು ಬಂದು, ಮನೆ ನೋಡಿ, ಇದಕ್ಕೆ ಇಷ್ಟು ಬಾಡಿಗೆ ಬರಬಹುದು ಅಂತ ಅಂದಾಜು ಮಾಡಿ ತೆರಿಗೆ ಹಾಕುತ್ತಿದ್ದರು. 2000ದಲ್ಲಿ ಸ್ವಯಂ ಘೋಷಣೆ ಬಂತು. 2008ರಲ್ಲಿ ಈಗಿರುವ ಯೂನಿಟ್ ಏರಿಯಾ ಪದ್ಧತಿ ಬಂತು. ಅಂದ್ರೆ ಮನೆ ಎಷ್ಟು ಚದರಡಿ, ಯಾವ ವಲಯ, ಯಾರು ವಾಸ ಇದ್ದಾರೆ, ಎಷ್ಟು ಹಳೆಯದು ಅಂತ ನೀವೇ ಬರೆದುಕೊಡಬೇಕು, ಲೆಕ್ಕ ಅದರ ಮೇಲೆ ನಡೆಯುತ್ತದೆ. ಬರೆದದ್ದು ತಪ್ಪಾದರೆ ತಪ್ಪು ನಿಮ್ಮದೇ. ಇದು ತುಂಬಾ ಜನರಿಗೆ ನೋಟಿಸ್ ಕೈಗೆ ಬಂದ ದಿನವೇ ಗೊತ್ತಾಗುವುದು.

ಕೆಲವು ವರ್ಷಗಳ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರು ನೋಟಿಸ್ ಹಿಡಿದುಕೊಂಡು ಬಂದರು. ಜೊತೆಗೆ ಒಂದು ಪ್ಲಾಸ್ಟಿಕ್ ಕವರ್, ಅದರ ತುಂಬ ಇಸವಿ ಪ್ರಕಾರ ಜೋಡಿಸಿಟ್ಟ ರಸೀದಿಗಳು. ‘ಒಂದು ವರ್ಷವೂ ತಪ್ಪಿಸಿಲ್ಲ ಸಾರ್, ಪ್ರತಿ ಏಪ್ರಿಲ್‌ನಲ್ಲಿ ಕಟ್ಟಿದ್ದೀನಿ, ಆದರೂ ಬಾಕಿ ಅಂತಾರಲ್ಲ?’ ನಿಜ, ಒಂದು ವರ್ಷವೂ ತಪ್ಪಿರಲಿಲ್ಲ. ಆದರೆ ಆರು ವರ್ಷದ ಹಿಂದೆ ಮೇಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಕಂದಾಯ ಕಟ್ಟುತ್ತಿದ್ದದ್ದು ಹೊರದೇಶದಲ್ಲಿರುವ ಮಗ, ಫೋನಿನಲ್ಲೇ. ಪಾಲಿಕೆಯ ವೆಬ್‌ಸೈಟಿನಲ್ಲಿ ಹಳೆ ರಸೀದಿಯ ಅರ್ಜಿ ಸಂಖ್ಯೆ ಹಾಕಿದರೆ ಹೋದ ವರ್ಷದ ವಿವರವೆಲ್ಲ ತಾನಾಗಿ ಬರುತ್ತದೆ. ಕೆಳಗೆ, ಕಟ್ಟಡದ ಅಳತೆಯಲ್ಲೋ ಬಳಕೆಯಲ್ಲೋ ಬದಲಾವಣೆ ಇದೆಯಾ ಅಂತ ಕೇಳುತ್ತದೆ. ಇಲ್ಲ ಅಂದರೆ ಫಾರಂ 4, ಇದೆ ಅಂದರೆ ಫಾರಂ 5. ಮಗ ಆರು ವರ್ಷವೂ ಫಾರಂ 4ರಲ್ಲೇ ಕಟ್ಟಿದ್ದ. ಮೋಸ ಮಾಡಬೇಕು ಅಂತಲ್ಲ, ಪಾಪ, ಆ ಸಾಲನ್ನು ಓದಿಯೇ ಇರಲಿಲ್ಲ.

ಲೆಕ್ಕ ಹೇಗೆ ನಡೆಯುತ್ತದೆ ಅಂತ ಅವರಿಗೆ ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ, ಅಂಕಿಗಳನ್ನು ಮಾತ್ರ ಸರಳ ಮಾಡಿಕೊಂಡಿದ್ದೇನೆ. ಡಿ ವಲಯದ (ವಲಯ ಅಂದ್ರೆ ಏನು ಅಂತ ಮುಂದೆ ಹೇಳುತ್ತೇನೆ) ಆರ್‌ಸಿಸಿ ಮನೆ ಅಂತ ಇಟ್ಟುಕೊಳ್ಳಿ. 2016ರಲ್ಲಿ ಪರಿಷ್ಕರಿಸಿದ ದರದ ಪ್ರಕಾರ ಸ್ವಂತ ವಾಸಕ್ಕೆ ತಿಂಗಳಿಗೆ ಚದರಡಿಗೆ 1.60 ರೂಪಾಯಿ, ಬಾಡಿಗೆಗೆ ಕೊಟ್ಟಿದ್ದರೆ ಅದರ ಎರಡರಷ್ಟು, 3.20. ಕೆಳಗೆ ಮಾಲೀಕರು ಇರುವ 1,000 ಚದರಡಿ, ಮೇಲೆ ಬಾಡಿಗೆಯ 600 ಚದರಡಿ. ವರ್ಷಕ್ಕೆ ಹನ್ನೆರಡು ತಿಂಗಳಲ್ಲ, ಹತ್ತೇ ತಿಂಗಳ ಲೆಕ್ಕ. ಕೆಳಗಿನದಕ್ಕೆ 16,000, ಮೇಲಿನದಕ್ಕೆ 19,200, ಒಟ್ಟು 35,200. ಇದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯಬೇಕು, 12% ಅಂತ ಹಿಡಿದರೆ ಉಳಿಯುವುದು 30,976. ಅದರ 20% ಆಸ್ತಿ ತೆರಿಗೆ, ಅಂದರೆ ಸುಮಾರು 6,195 ರೂಪಾಯಿ. ಸೆಸ್ ಬೇರೆ. ಮೇಷ್ಟ್ರ ಮನೆಯಲ್ಲಿ ನಡೆದ ಹಾಗೆ ಮೇಲಿನ ಮನೆಯನ್ನು ತೋರಿಸದೆ ಬರೀ ಕೆಳಗಿನದಕ್ಕೆ ಕಟ್ಟಿದರೆ 2,816 ಅಷ್ಟೇ. ವರ್ಷಕ್ಕೆ 3,379 ವ್ಯತ್ಯಾಸ. ಆರು ವರ್ಷಕ್ಕೆ ಇಪ್ಪತ್ತು ಸಾವಿರ ದಾಟುತ್ತದೆ, ಅದರ ಮೇಲೆ ದಂಡ, ಬಡ್ಡಿ. ತುಂಬಾ ವರ್ಷ ಬಡ್ಡಿ ತಿಂಗಳಿಗೆ 2% ಇತ್ತು, ವರ್ಷಕ್ಕೆ 24% ಆಯಿತು. ಮನೆ ಸಾಲಕ್ಕೂ ಯಾರೂ ಅಷ್ಟು ಕೊಡಲ್ಲ.

ಸೆಸ್ ಅಂದೆನಲ್ಲ, ಅದರಲ್ಲಿ ಆರೋಗ್ಯಕ್ಕೆ 15%, ಗ್ರಂಥಾಲಯಕ್ಕೆ 6%, ಭಿಕ್ಷುಕರ ಪುನರ್ವಸತಿಗೆ 3% ಸೇರಿರುತ್ತದೆ. ಇದು ತೆರಿಗೆಯ ಮೇಲಿನ ಶೇಕಡಾವಾರು, ಮನೆಯ ಬೆಲೆಯ ಮೇಲಲ್ಲ. ಗ್ರಂಥಾಲಯಕ್ಕೆ ಪ್ರತಿ ವರ್ಷ ದುಡ್ಡು ಕೊಡುತ್ತಿದ್ದೇವೆ ಅಂತ ಹೇಳಿದಾಗ ಮೇಷ್ಟ್ರ ಮುಖ ಸ್ವಲ್ಪ ಅರಳಿತು, ಅದೊಂದೇ ಸಮಾಧಾನ.

ಬದಲಾವಣೆ ಅಂದ್ರೆ ಮಹಡಿ ಕಟ್ಟುವುದು ಮಾತ್ರ ಅಂತ ಅಂದುಕೊಳ್ಳಬೇಡಿ. ಮಗಳು ಗಂಡನ ಜೊತೆ ಬೇರೆ ಊರಿಗೆ ಹೋದಳು, ಅವಳಿದ್ದ ಪೋರ್ಶನ್‌ಗೆ ಬಾಡಿಗೆಯವರು ಬಂದರು. ಇದು ಬದಲಾವಣೆ. ಕೆಳಗಿನ ಒಂದು ರೂಮನ್ನು ಟೈಲರ್ ಅಂಗಡಿಗೆ ಕೊಟ್ಟಿರಿ. ಅದಂತೂ ವಸತಿಯ ದರವೇ ಅಲ್ಲ. ಎಷ್ಟೋ ಜನಕ್ಕೆ ಗೊತ್ತಿಲ್ಲದ ಇನ್ನೊಂದಿದೆ, ನೆಲ. ಆರ್‌ಸಿಸಿ ಮನೆಯಾದರೂ ಸಿಮೆಂಟ್ ಅಥವಾ ರೆಡ್ ಆಕ್ಸೈಡ್ ನೆಲ ಇದ್ದರೆ ದರ ಕಡಿಮೆ. ಅಪ್ಪ ಹಾಕಿಸಿದ್ದ ಕೆಂಪು ನೆಲದ ಮೇಲೆ ನೀವು ಗ್ರಾನೈಟ್ ಹಾಸಿಸಿದ್ದರೆ ಮನೆಯ ವರ್ಗವೇ ಬದಲಾಗುತ್ತದೆ. ಉಲ್ಟಾನೂ ನೋಡಿದ್ದೇನೆ. ಬಾಡಿಗೆಯವರು ಖಾಲಿ ಮಾಡಿ ಹೋಗಿ ಮಗನೇ ಬಂದು ಸೇರಿಕೊಂಡು ನಾಲ್ಕು ವರ್ಷವಾದರೂ ಬಾಡಿಗೆ ದರದಲ್ಲೇ ಕಟ್ಟುತ್ತಿದ್ದ ಮನೆ ಅದು. ಜಾಸ್ತಿ ಕಟ್ಟಿದರೆ ಯಾರೂ ನೋಟಿಸ್ ಕಳಿಸುವುದಿಲ್ಲ, ಅಲ್ವಾ?

ವಲಯದ ತಾಪತ್ರಯ ಇನ್ನೊಂದು ಥರ. ಎ ಇಂದ ಎಫ್ ವರೆಗೆ ಆರು ವಲಯ, ಆಯಾ ಬೀದಿಯ ಮಾರ್ಗಸೂಚಿ ಬೆಲೆ, ಅಂದ್ರೆ ರಿಜಿಸ್ಟ್ರೇಶನ್‌ಗೆ ಸರ್ಕಾರ ಗೊತ್ತು ಮಾಡಿದ ಬೆಲೆ, ನೋಡಿ ಮಾಡಿದ್ದು. 2016ರಲ್ಲಿ ಎಷ್ಟೋ ಬೀದಿಗಳ ವಲಯ ಬದಲಾಯಿತು. ಹಳೆ ವಲಯದಲ್ಲೇ ಕಟ್ಟಿಕೊಂಡು ಹೋದ ಸಾವಿರಾರು ಮಾಲೀಕರಿಗೆ ವರ್ಷಗಳಾದ ಮೇಲೆ ನೋಟಿಸ್ ಬಂತು. ಆಗ ‘ಕಂಪ್ಯೂಟರ್‌ನಲ್ಲಿ ತಗೊಂಡಿತ್ತಲ್ಲ, ನಮ್ಮದೇನು ತಪ್ಪು’ ಅಂತ ನನ್ನ ಮುಂದೆ ಕೂತು ಜಗಳ ಆಡಿದವರಿದ್ದಾರೆ. ಸಿಟ್ಟು ನ್ಯಾಯವೇ. ಆದರೆ ಘೋಷಣೆ ಯಾರ ಹೆಸರಲ್ಲಿದೆಯೋ ಉತ್ತರವೂ ಅವರೇ ಕೊಡಬೇಕು. ನಿಮ್ಮ ಬೀದಿ ಯಾವ ವಲಯದಲ್ಲಿದೆ ಅಂತ ಪಟ್ಟಿ ತೆಗೆದು ಒಂದು ಸಲ ನೋಡಿಬಿಡಿ, ಹತ್ತು ನಿಮಿಷದ ಕೆಲಸ.

ಯಾರಿಗೂ ಗೊತ್ತಾಗಲ್ಲ ಬಿಡಿ ಸಾರ್ ಅನ್ನುವವರಿಗೆ ನಾನು ಹೇಳುವುದಿಷ್ಟೇ. ಮನೆಗೆ ಮೂರು ಕರೆಂಟ್ ಮೀಟರ್ ಇದ್ದು, ಕಂದಾಯದ ಘೋಷಣೆಯಲ್ಲಿ ಪೂರ್ತಿ ಸ್ವಂತ ವಾಸ ಅಂತ ಇದ್ದರೆ ಅದನ್ನು ಪತ್ತೆ ಮಾಡಲು ಪತ್ತೇದಾರರು ಬೇಕಿಲ್ಲ. ಕೆಲವರು ಇನ್ನೂ ಮುಂದೆ ಹೋಗಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಬಾಡಿಗೆ ಆದಾಯ ತೋರಿಸಿ, ಅದರಲ್ಲಿ ಕಂದಾಯವನ್ನೂ ಕಳೆದುಕೊಂಡು, ಇತ್ತ ಪಾಲಿಕೆಗೆ ಬಾಡಿಗೆಯೇ ಇಲ್ಲ ಅಂತ ಬರೆದುಕೊಟ್ಟಿರುತ್ತಾರೆ. ಎರಡೂ ಕಡೆ ಸಹಿ ಅವರದೇ! ಅಂದ ಹಾಗೆ, ಬಾಡಿಗೆಗೆ ಕೊಟ್ಟ ಮನೆಯ ಕಂದಾಯವನ್ನು ಬಾಡಿಗೆ ಆದಾಯದಲ್ಲಿ ಕಳೆಯಬಹುದು, ಆದರೆ ಆ ವರ್ಷ ನಿಜವಾಗಿ ಕಟ್ಟಿರಬೇಕು, ಅದೂ ಮಾಲೀಕರೇ ಕಟ್ಟಿರಬೇಕು. ಬಾಡಿಗೆಯವರ ಕೈಲಿ ಕಟ್ಟಿಸಿದರೆ ಕಳೆಯಲು ಬರುವುದಿಲ್ಲ. ಸ್ವಂತ ವಾಸದ ಮನೆಗೆ ಈ ಲಾಭವಿಲ್ಲ.

ಇನ್ನೊಂದು ಭ್ರಮೆ ಬಿಡಿಸಲೇಬೇಕು. ‘ಮೂವತ್ತು ವರ್ಷದಿಂದ ಕಂದಾಯ ನಾನೇ ಕಟ್ಟಿದ್ದೀನಿ, ಮನೆ ನಂದೇ’ ಅಂತ ಅಣ್ಣತಮ್ಮಂದಿರ ನಡುವೆ ವಾದ ಬರುತ್ತದೆ. ಕಂದಾಯದ ರಸೀದಿ ತೆರಿಗೆ ಕಟ್ಟಿದ್ದಕ್ಕೆ ದಾಖಲೆ, ಮಾಲೀಕತ್ವಕ್ಕಲ್ಲ. ಖಾತೆ, ಅಂದ್ರೆ ಪಾಲಿಕೆಯ ತೆರಿಗೆ ದಾಖಲೆಯಲ್ಲಿ ಮನೆ ಯಾರ ಹೆಸರಲ್ಲಿದೆ ಅನ್ನುವ ನಮೂದು, ಅದೂ ಅಷ್ಟೇ. ಹಕ್ಕು ಬರುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು ಇಂಥವುಗಳಿಂದ, ಇಲ್ಲವೇ ವಾರಸಿಕೆಯಿಂದ. ಹಾಗಂತ ರಸೀದಿ ಬಿಸಾಡಬೇಡಿ. ಬೆಂಗಳೂರಿನಲ್ಲಿ 2024ರಿಂದ ಇ-ಖಾತಾ (ಆನ್‌ಲೈನ್ ಖಾತೆ) ಇಲ್ಲದೆ ಮನೆ ರಿಜಿಸ್ಟರ್ ಮಾಡಲು ಆಗುವುದಿಲ್ಲ, ಇ-ಖಾತಾ ಮಾಡಿಸಲು ಕಂದಾಯದ ಅರ್ಜಿ ಸಂಖ್ಯೆ ಬೇಕು. ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಅಪ್ಪನ ಹೆಸರಲ್ಲೇ ಕಟ್ಟಿಕೊಂಡು ಬಂದ ಮನೆಗಳ ಕಥೆ ಅಲ್ಲಿ ಹೊರಗೆ ಬೀಳುತ್ತದೆ. ಮನೆ ಮಾರುವ ವಾರದಲ್ಲಿ ಖಾತಾ ವರ್ಗಾವಣೆಗೆ ಓಡಾಡುವುದಕ್ಕಿಂತ ಈಗಲೇ ಮಾಡಿಸಿಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಇಡೀ ಬೆಂಗಳೂರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ನಿಮ್ಮ ಮನೆ ಯಾವುದಕ್ಕೆ ಸೇರಿದೆ ಅನ್ನುವುದನ್ನೂ ನೋಡಿಟ್ಟುಕೊಂಡಿರಿ.

ಬಾಕಿ ಇಟ್ಟುಕೊಂಡು ರಿಯಾಯಿತಿಗೆ ಕಾಯುವವರೂ ಇದ್ದಾರೆ. 2024ರಲ್ಲಿ ದಂಡ, ಬಡ್ಡಿಯಲ್ಲಿ ರಿಯಾಯಿತಿ ಕೊಟ್ಟು ಬಾಕಿ ತೀರಿಸಿಕೊಳ್ಳುವ ‘ಒಂದು ಬಾರಿ ಇತ್ಯರ್ಥ’ ಯೋಜನೆ ಬಂದಾಗ ಅವರಿಗೆ ಲಾಭವಾಯಿತು, ಪ್ರತಿ ವರ್ಷ ಸರಿಯಾಗಿ ಕಟ್ಟಿದ ನನ್ನಂಥವರಿಗೆ ಹೊಟ್ಟೆ ಉರಿಯಿತು. ಆದರೂ ಮತ್ತೆ ಬರುತ್ತೆ ಅಂತ ನೆಚ್ಚಿಕೊಂಡು ಕೂರುವುದು ಲಾಟರಿ ಟಿಕೆಟ್ ಇಟ್ಟುಕೊಂಡ ಹಾಗೆ.

ಮೇಷ್ಟ್ರ ಮನೆಗೆ ಟೇಪ್ ತಗೊಂಡು ಹೋದೆ. ಅವರು ಒಂದು ತುದಿ ಹಿಡಿದರು, ನಾನು ಇನ್ನೊಂದು. ಫಾರಂ 5ಕ್ಕೆ ಅಳತೆ ಬರೆದುಕೊಂಡು ಇನ್ನೇನು ಮುಗಿಯಿತು ಅನ್ನುವಾಗ ಅವರ ಮನೆಯವರು ಅಡುಗೆಮನೆಯಿಂದಲೇ ಕೂಗಿದರು, ‘ಹಿಂದುಗಡೆ ಷೀಟ್ ಹಾಕಿರೋ ರೂಮು ಬರ್ಕೊಂಡ್ರಾ?’ ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಟೇಪ್ ಮತ್ತೆ ಬಿಚ್ಚಿದೆ.