ಎನ್‌ಎಚ್‌ಎಲ್‌ಗೆ ಡ್ರಾಫ್ಟ್ ಆದವ್ನು ಇನ್ನೂ ಕಾಲೇಜಲ್ಲೇ ಯಾಕೆ ಆಡ್ತಾನೆ?

ಪ್ರಶ್ನೆ: ಅಮೆರಿಕದ ಕಾಲೇಜ್ ಐಸ್ ಹಾಕಿ ಈಗೀಗ ನೋಡೋಕೆ ಶುರು ಮಾಡಿದೀನಿ. "ಇವ್ನನ್ನ ಟೊರಾಂಟೊದವ್ರು ತಗೊಂಡಿದಾರೆ, ಅವ್ನು ಸೇಂಟ್ ಲೂಯಿಸ್ ಹುಡುಗ" ಅಂತ ಕಾಮೆಂಟರಿಲಿ ಹೇಳ್ತಾನೇ ಇರ್ತಾರೆ, ಆದ್ರೆ ಆ ಹುಡುಗ್ರು ಇನ್ನೂ ಕಾಲೇಜ್ ಜೆರ್ಸಿಲೇ ಇದಾರೆ. ಸೆಲೆಕ್ಟ್ ಆದ್ಮೇಲೆ ಹೋಗಿ ಆಡೋಕೆ ಏನು ಕಷ್ಟ?

ಉತ್ತರ: ಈ ಡೌಟ್ ಎಲ್ರಿಗೂ ಬರುತ್ತೆ, ಅದ್ರಲ್ಲೂ ಐಪಿಎಲ್ ಹರಾಜು ನೋಡಿ ಬೆಳೆದ ನಮಗೆ ಬಂದೇ ಬರುತ್ತೆ. ಅಲ್ಲಿ ಸುತ್ತಿಗೆ ಬಿತ್ತು ಅಂದ್ರೆ ಆ ಸೀಸನ್‌ಗೆ ಆಟಗಾರ ಆ ಟೀಮಿನವ್ನು, ದುಡ್ಡೂ ಫಿಕ್ಸ್. ಎನ್‌ಎಚ್‌ಎಲ್ ಅಂದ್ರೆ ಅಮೆರಿಕ-ಕೆನಡಾದ ಪ್ರೊಫೆಷನಲ್ ಐಸ್ ಹಾಕಿ ಲೀಗು, ಅದ್ರ ಡ್ರಾಫ್ಟ್ ಹಂಗಲ್ಲ. 18 ವರ್ಷದ ಆಸುಪಾಸಿನ ಹುಡುಗ್ರನ್ನ ಏಳು ರೌಂಡಲ್ಲಿ ಹೆಸರು ಹೇಳಿ ಆರಿಸ್ತಾರೆ, ಅಷ್ಟೇ. ಆವಾಗ ಕಾಂಟ್ರಾಕ್ಟ್ ಇಲ್ಲ, ಸಂಬಳ ಇಲ್ಲ. "ಇವ್ನು ಎನ್‌ಎಚ್‌ಎಲ್‌ಗೆ ಬರೋದಾದ್ರೆ ಮೊದ್ಲು ನಮ್ಮ ಹತ್ರ ಮಾತಾಡ್ಬೇಕು" ಅನ್ನೋ ಹಕ್ಕು ಮಾತ್ರ ಆ ಕ್ಲಬ್ಬಿಗೆ ಸಿಗುತ್ತೆ.

ಆ ಹಕ್ಕನ್ನ ಮಾರ್ಕೊಬೋದು ಕೂಡ. ಬ್ರಾಕ್ ಫೇಬರ್ ಅಂತ ಒಬ್ಬ ಡಿಫೆನ್ಸ್‌ಮನ್, ಮಿನ್ನೆಸೋಟಾ ಹುಡುಗ, 2020ರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಅವನನ್ನ ಎರಡನೇ ರೌಂಡಲ್ಲಿ ಆರಿಸ್ಕೊಂಡ್ರು. ಅವ್ನ ಪಾಡಿಗೆ ಅವ್ನು ಯೂನಿವರ್ಸಿಟಿ ಆಫ್ ಮಿನ್ನೆಸೋಟಾದಲ್ಲಿ ಆಡ್ಕೊಂಡಿದ್ದ. 2022ರ ಜೂನ್‌ನಲ್ಲಿ ಕಿಂಗ್ಸ್‌ನವ್ರಿಗೆ ಮಿನ್ನೆಸೋಟಾ ವೈಲ್ಡ್ ಅನ್ನೋ ಎನ್‌ಎಚ್‌ಎಲ್ ಟೀಮಿನ ಕೆವಿನ್ ಫಿಯಾಲಾ ಬೇಕಾಯ್ತು, ಅದಕ್ಕೆ ಬದಲಾಗಿ ವೈಲ್ಡ್‌ಗೆ ಡ್ರಾಫ್ಟಿನ ಮೊದಲ ರೌಂಡಲ್ಲಿ ಒಬ್ಬನನ್ನ ಆರಿಸೋ ಸರದಿ ಜೊತೆ ಈ ಫೇಬರ್ ಹಕ್ಕನ್ನೂ ಕೊಟ್ಬಿಟ್ರು. ಕಿಂಗ್ಸ್ ಪರ ಒಂದು ಮ್ಯಾಚೂ ಆಡದೆ, ಕಾಲೇಜ್ ಹಾಸ್ಟೆಲ್ ಬಿಟ್ಟು ಕದಲದೆ, ಹುಡುಗ ಊರಿನ ಟೀಮಿಗೇ ಟ್ರೇಡ್ ಆಗ್ಬಿಟ್ಟ!

ಸರಿ, ಹಕ್ಕು ಇದೆಯಲ್ಲ, ಕರೆಸ್ಕೊಂಡು ಆಡ್ಸೋದಲ್ವಾ ಅಂದ್ರೆ, ಕ್ಲಬ್ಬಿಗೇ ಆತುರ ಇರಲ್ಲ. ಎನ್‌ಎಚ್‌ಎಲ್‌ನಲ್ಲಿ ರೆಗ್ಯುಲರ್ ಸೀಸನ್ನೇ 80ಕ್ಕೂ ಹೆಚ್ಚು ಮ್ಯಾಚು, ಎದುರಿಗೆ ಮೂವತ್ತು ದಾಟಿದ ಗಟ್ಟಿ ಗಂಡಸ್ರು, ಅವ್ರು ಬಂದು ರಿಂಕ್ ಸುತ್ತ ಇರೋ ಗೋಡೆಗೆ ಗುದ್ದಿದ್ರೆ 18ರ ಹುಡುಗನ ಭುಜ ಉಳಿಯೋದು ಕಷ್ಟ. ಕಾಲೇಜಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ರೆಗ್ಯುಲರ್ ಸೀಸನ್‌ಗೆ 34 ಮ್ಯಾಚಿನ ಮಿತಿ, ಅದೂ ಸಾಮಾನ್ಯವಾಗಿ ಶುಕ್ರವಾರ ರಾತ್ರಿ ಶನಿವಾರ ರಾತ್ರಿ. ಮಿಕ್ಕ ದಿನ ಪ್ರಾಕ್ಟೀಸು, ಜಿಮ್ಮು, ಕ್ಲಾಸು. ಮೈ ಕಟ್ಟೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಖರ್ಚು ಯೂನಿವರ್ಸಿಟಿದು, ಕ್ಲಬ್ಬಿಗೆ ಇನ್ನೇನು ಬೇಕು. ಎನ್‌ಎಚ್‌ಎಲ್ ಕಾಂಟ್ರಾಕ್ಟಿಗೆ ಸೈನ್ ಹಾಕಿದ್ರೆ ಮಾತ್ರ ಕಾಲೇಜ್ ಆಟ ಅಲ್ಲಿಗೆ ಮುಗೀತು, ವಾಪಸ್ ಬರೋ ಹಂಗಿಲ್ಲ. ಅದಕ್ಕೇ ಎರಡೂ ಕಡೆಯವ್ರು ಯೋಚನೆ ಮಾಡಿ ಸೈನ್ ಹಾಕ್ತಾರೆ.

ಹುಡುಗನ ಕೈಯಲ್ಲೂ ಸ್ವಲ್ಪ ಜುಟ್ಟು ಇರುತ್ತೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಜಿಮ್ಮಿ ವೆಸಿ ಅಂತ, ಹಾರ್ವರ್ಡ್‌ನವ್ನು, 2012ರಲ್ಲಿ ನ್ಯಾಶ್‌ವಿಲ್ ಕ್ಲಬ್ ಆರಿಸಿತ್ತು. ಅವ್ನು ನಾಲ್ಕೂ ವರ್ಷ ಕಾಲೇಜಲ್ಲೇ ಆಡ್ದ, 2016ರಲ್ಲಿ ಕಾಲೇಜ್ ಹಾಕಿಯ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿ ಹೋಬಿ ಬೇಕರ್ ಗೆದ್ದ, ನ್ಯಾಶ್‌ವಿಲ್‌ಗೆ ಮಾತ್ರ ಸೈನ್ ಹಾಕ್ಲಿಲ್ಲ. ಅವ್ರು ಬೇಜಾರಾಗಿ ಹಕ್ಕನ್ನ ಬಫಲೋಗೆ ದಾಟಿಸಿದ್ರು, ಅವ್ರಿಗೂ ಒಲೀಲಿಲ್ಲ. ಆಗಿನ ರೂಲ್ ಪ್ರಕಾರ ಕಾಲೇಜ್ ಮುಗಿಸಿದವ್ನ ಮೇಲಿನ ಹಕ್ಕು ಆ ವರ್ಷ ಆಗಸ್ಟ್ 15ಕ್ಕೆ ಬಿದ್ದೋಗ್ತಿತ್ತು. ಆ ದಿನ ಕಳೆದ್ಮೇಲೆ ಆರಾಮಾಗಿ ನ್ಯೂಯಾರ್ಕ್ ರೇಂಜರ್ಸ್ ಸೇರ್ಕೊಂಡ. ನ್ಯಾಶ್‌ವಿಲ್ ಫ್ಯಾನ್ಸ್ ಬೈದ್ಕೊಂಡ್ರೂ ರೂಲ್ ಪ್ರಕಾರ ಅವ್ನು ಮಾಡಿದ್ದು ಸರಿನೇ, ನಂಗಂತೂ ಅದ್ರಲ್ಲಿ ತಪ್ಪು ಕಾಣಲ್ಲ.

ಈಗ ಇದೆಲ್ಲ ಐಸ್ ಮೇಲೆ ಹೆಂಗೆ ಕಾಣುತ್ತೆ ಅಂತ ನೋಡ್ಬೇಕಂದ್ರೆ 2022-23ರ ಕಾಲೇಜ್ ಸೀಸನ್ ಹಿಡ್ಕೊಳ್ಳಿ. ಕೊನೆಗೆ 16 ಟೀಮಿನ ನಾಕೌಟ್, ಒಂದು ಸೋತ್ರೆ ಮನೆಗೆ. ನಂಬರ್ ಒನ್ ಸೀಡ್ ಯೂನಿವರ್ಸಿಟಿ ಆಫ್ ಮಿನ್ನೆಸೋಟಾ, ಅವ್ರ ಫಸ್ಟ್ ಲೈನಲ್ಲಿ, ಅಂದ್ರೆ ಒಟ್ಟಿಗೆ ಇಳಿಯೋ ಮುಖ್ಯ ಮೂರು ಫಾರ್ವರ್ಡ್‌ಗಳಲ್ಲಿ, ಲೋಗನ್ ಕೂಲಿ, ಮ್ಯಾಥ್ಯೂ ನೈಸ್, ಜಿಮ್ಮಿ ಸ್ನಗರುಡ್. ಮೂವರೂ ಡ್ರಾಫ್ಟ್ ಆದವ್ರೇ, ಕೂಲಿ ಅಂತೂ 2022ರ ಡ್ರಾಫ್ಟಲ್ಲಿ ಮೂರನೇಯವ್ನು. ಕ್ಯಾಪ್ಟನ್ ನಮ್ಮ ಫೇಬರ್. ಫೈನಲ್ಲಲ್ಲಿ ಎದುರಿಗಿದ್ದಿದ್ದು ಕನೆಕ್ಟಿಕಟ್‌ನ ಕ್ವಿನಿಪಿಯಾಕ್ ಯೂನಿವರ್ಸಿಟಿ. ಕೋಚ್ ರಾಂಡ್ ಪೆಕ್ನಾಲ್ಡ್ 1994ರಲ್ಲಿ ಬಂದಾಗ ಅದಿನ್ನೂ ಡಿವಿಷನ್ ಟೂ, ಅಂದ್ರೆ ಎರಡನೇ ದರ್ಜೆ ಟೀಮು. ಇಲ್ಲಿ ಡ್ರಾಫ್ಟ್ ಆದವ್ರು ಬೆರಳೆಣಿಕೆ, ಆದ್ರೆ ವಯಸ್ಸಲ್ಲಿ ಬಲಿತವ್ರು. ಹೈಸ್ಕೂಲ್ ಆದ್ಮೇಲೆ ಎರಡು ವರ್ಷ ಜೂನಿಯರ್ ಹಾಕಿ ಆಡಿ ಇಪ್ಪತ್ತಕ್ಕೆ ಕಾಲೇಜ್ ಸೇರೋರು ತುಂಬಾ ಇದಾರೆ, ಕೋವಿಡ್‌ನಿಂದ ಒಂದು ವರ್ಷ ಎಕ್ಸ್‌ಟ್ರಾನೂ ಸಿಕ್ಕಿತ್ತು, ಇವ್ರ ಕ್ಯಾಪ್ಟನ್ ಝ್ಯಾಕ್ ಮೆಟ್ಸಾಗೆ ಆಗ 24.

ಏಪ್ರಿಲ್ 8, 2023, ಟ್ಯಾಂಪಾ. ಮಿನ್ನೆಸೋಟಾ 2-0 ಮುಂದೆ ಹೋಯ್ತು. ಕ್ವಿನಿಪಿಯಾಕ್ ಒಂದು ಗೋಲ್ ವಾಪಸ್ ಕೊಡ್ತು, ಆಮೇಲೆ ಪಕ್ (ಚೆಂಡಿನ ಬದಲು ಆಡೋ ಚಪ್ಪಟೆ ಬಿಲ್ಲೆ) ಬಿಟ್ಟುಕೊಡ್ದೆ ಒತ್ತಿ ಒತ್ತಿ ಆಡಿದ್ರು. ಕೊನೆ ಮೂರು ನಿಮಿಷ ಬಾಕಿ ಇರುವಾಗ ತಮ್ಮ ಗೋಲ್‌ಕೀಪರ್‌ನ ಆಚೆ ಕರೆಸಿ ಒಬ್ಬ ಹೆಚ್ಚುವರಿ ಫಾರ್ವರ್ಡ್ ಇಳಿಸಿ, ಕಾಲಿನ್ ಗ್ರಾಫ್ ಸಮ ಮಾಡ್ದ. ಓವರ್‌ಟೈಮ್. ಫೇಸ್‌ಆಫ್ (ರೆಫರಿ ಪಕ್ ಬೀಳಿಸಿ ಆಟ ಶುರು ಮಾಡೋದು) ಆಯ್ತು, ಪಕ್ ಹಿಂದಕ್ಕೆ ಮೆಟ್ಸಾಗೆ ಬಂತು, ಅವ್ನು ಮುಂದಕ್ಕೆ ಎತ್ತಿ ಹಾಕ್ದ, ಸ್ಯಾಮ್ ಲಿಪ್ಕಿನ್ ಹಿಡಿದು ಜೇಕಬ್ ಕ್ವಿಲನ್‌ಗೆ ಕೊಟ್ಟ, ಕ್ವಿಲನ್ ಗೋಲ್‌ಕೀಪರ್‌ನ ಯಾಮಾರಿಸಿ ಒಳಗೆ ತಳ್ಳಿದ. ಓವರ್‌ಟೈಮ್ ಶುರುವಾಗಿ ಬರೀ ಹತ್ತು ಸೆಕೆಂಡ್! ಟಿವಿ ಮುಂದೆ ನೀರು ಕುಡಿಯೋಕೆ ಎದ್ದೋದವ್ರಿಗೆ ಗೋಲೇ ಸಿಕ್ಕಿರಲ್ಲ. ಗೋಲ್ ಹೊಡ್ದ ಕ್ವಿಲನ್‌ನ ಯಾವ ಕ್ಲಬ್ಬೂ ಡ್ರಾಫ್ಟ್ ಮಾಡಿರ್ಲಿಲ್ಲ, ಸಮ ಮಾಡಿದ ಗ್ರಾಫ್‌ನೂ ಅಷ್ಟೇ.

ಡ್ರಾಫ್ಟ್ ಆಗಿಲ್ಲ ಅಂದ್ರೆ ಉಳಿದೋದ ಮಾಲು ಅಂತಲೂ ಅಂದ್ಕೋಬೇಡಿ. ಅದೇ ವರ್ಷ ಹೋಬಿ ಬೇಕರ್ ಗೆದ್ದ ಮಿಶಿಗನ್‌ನ ಆಡಮ್ ಫ್ಯಾಂಟಿಲಿ ಹುಟ್ಟಿದ್ದು 2004ರ ಅಕ್ಟೋಬರ್‌ನಲ್ಲಿ, ಸೆಪ್ಟೆಂಬರ್ 15ರ ವಯಸ್ಸಿನ ಕಟ್‌ಆಫ್ ತಪ್ಪಿದ್ರಿಂದ ಅವ್ನ ಡ್ರಾಫ್ಟ್ ಸರದಿನೇ ಬಂದಿರ್ಲಿಲ್ಲ. ಜೂನ್‌ನಲ್ಲಿ ಕೊಲಂಬಸ್ ಅವನನ್ನ ಮೂರನೇಯವ್ನಾಗಿ ಎತ್ಕೊಂಡ್ರು.

ಇನ್ನು ನಿಮ್ಮ ಪ್ರಶ್ನೆಯ "ಹೋಗೋದು ಯಾವಾಗ" ಅನ್ನೋ ಭಾಗ. ಕಾಲೇಜ್ ಸೀಸನ್ ಮುಗಿಯೋ ಏಪ್ರಿಲ್‌ಗೂ ಎನ್‌ಎಚ್‌ಎಲ್ ಪ್ಲೇಆಫ್ ಶುರುವಾಗೋದಕ್ಕೂ ಹೆಚ್ಚು ದಿನ ಇರಲ್ಲ. ಫೈನಲ್ ಸೋತ ಮಾರನೇ ದಿನ ನೈಸ್ ಟೊರಾಂಟೊಗೆ ಸೈನ್ ಹಾಕ್ದ, ಅದರ ಮಾರನೇ ದಿನ ಫ್ಲಾರಿಡಾ ವಿರುದ್ಧ ಆಡ್ದ. ಫೇಬರ್ ಅದೇ ತಿಂಗಳು ವೈಲ್ಡ್ ಜೊತೆ ಪ್ಲೇಆಫ್ ಆಡ್ದ. ಕೂಲಿ ಮೊದ್ಲು ಇನ್ನೊಂದು ವರ್ಷ ಕಾಲೇಜಲ್ಲೇ ಇರ್ತೀನಿ ಅಂದ, ಜುಲೈನಲ್ಲಿ ಮನಸ್ಸು ಬದಲಾಯಿಸಿ ಅರಿಜೋನಾಗೆ ಹೋದ. ಸ್ನಗರುಡ್ ಮಾತ್ರ ಇನ್ನೂ ಎರಡು ಸೀಸನ್ ಅಲ್ಲೇ ಆಡಿ 2025ರಲ್ಲಿ ಸೇಂಟ್ ಲೂಯಿಸ್ ಸೇರಿದ. ಮತ್ತೆ ಆ ಹತ್ತು ಸೆಕೆಂಡಿನ ಕ್ವಿಲನ್? ಒಂದು ವರ್ಷ ಬಿಟ್ಟು, 2024ರಲ್ಲಿ ಫ್ರೀ ಏಜೆಂಟಾಗಿ, ಅಂದ್ರೆ ಯಾವ ಕ್ಲಬ್ಬಿನ ಹಕ್ಕೂ ಇಲ್ದೆ, ಸೈನ್ ಹಾಕಿದ್ದು ಟೊರಾಂಟೊಗೇ, ನೈಸ್ ಇರೋ ಟೀಮಿಗೇ.